ಅತಿಥಿಯನ್ನು ಕೇಳಬಾರದ ಪ್ರಶ್ನೆ

ನಲವತ್ತೆರಡು ಜನ ಬೇರೆ ಬೇರೆ ಅತಿಥಿಗಳು, ಬೇರೆ ಬೇರೆ ಭಾನುವಾರಗಳಲ್ಲಿ, ಒಂದೇ ನೀಲಿ ಪೆನ್ನಿನಿಂದ ಒಂದೇ ಓರೆಗೆ ಟಿಕ್ ಹಾಕಲು ಸಾಧ್ಯವೇ?

ಯೋಗಿತಾ ತಿಪಟೂರಿನ ಕಾಲೇಜು ಲೈಬ್ರರಿಯಲ್ಲಿ ಕೂತು, ದಂಡಿನಶಿವರದ ತೋಟದ ಮನೆಯಿಂದ ತುಂಬಿ ಬಂದ ಫಾರಂಗಳನ್ನು ಮೂರನೇ ಸಲ ತಿರುವಿಹಾಕಿದಳು. ಊಟ ಹೇಗಿತ್ತು? ಅತ್ಯುತ್ತಮ. ಕೋಣೆ? ಅತ್ಯುತ್ತಮ. ಮನೆಯ ಯಜಮಾನರ ನಡವಳಿಕೆ? ಇಲ್ಲಿ ಮಾತ್ರ ಟಿಕ್ ಹಾಕಿದವನಿಗೆ ಕೊಂಚ ಸಂಕೋಚವಾಗಿರಬೇಕು, ಬರೀ ‘ಪರವಾಗಿಲ್ಲ’ ಎಂದಿತ್ತು. ನಲವತ್ತೆರಡರಲ್ಲೂ ಹಾಗೆಯೇ.

ಅವಳಿಗೆ ನಗುವೂ ಬಂತು, ಅಳುವೂ ಬಂತು. ಪ್ರವಾಸೋದ್ಯಮ ಮತ್ತು ಆತಿಥ್ಯ ನಿರ್ವಹಣೆ ಓದಿದ ಅವಳ ಕ್ಲಾಸಿನವರೆಲ್ಲ ಮೂರು ವರ್ಷಕ್ಕೇ ಡಿಗ್ರಿ ಹಿಡಿದು ಹೋಟೆಲು, ಏರ್‌ಪೋರ್ಟು ಎಂದು ಹೊರಟುಹೋಗಿದ್ದರು. ನಾಲ್ಕನೇ ವರ್ಷದ ಆನರ್ಸ್‌ಗೆ, ಅಂದರೆ ವರ್ಷವಿಡೀ ಸಂಶೋಧನೆ ಮಾಡಿ ಪ್ರಬಂಧ ಬರೆಯುವುದಕ್ಕೆ, ಉಳಿದವಳು ಅವಳೊಬ್ಬಳೇ. ಮೈಸೂರಿನ ಹೋಟೆಲಿನ ಕೆಲಸವನ್ನು ಬೇಡವೆಂದು ಉಳಿದಿದ್ದಳು. ತೆಂಗಿನ ತೋಟದ ಮನೆಗಳಲ್ಲಿ ತಂಗಿದ ಅತಿಥಿಗಳು ಮತ್ತೆ ಯಾಕೆ ಬರುತ್ತಾರೆ ಎಂಬುದು ಅವಳ ವಿಷಯ. ಮೂರು ಮನೆಗಳ ಮಾಹಿತಿ ಬೇಕು. ಮೇ ಎರಡನೇ ವಾರ ಪ್ರಬಂಧ ಕೊಡದಿದ್ದರೆ ಆನರ್ಸ್ ಇಲ್ಲ, ವರ್ಷವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಆಗಲೇ ಫೆಬ್ರುವರಿ ಬಂದಿತ್ತು.

ಮುಂದಿನ ಬಸ್ಸಿಗೇ ಅವಳು ದಂಡಿನಶಿವರಕ್ಕೆ ಹೊರಟಳು.

ದಯಾನಂದ್ ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ಡ್ರಿಪ್ ಪೈಪಿನ ಕಸ ತೆಗೆಯುತ್ತಿದ್ದ. ಎರಡು ವರ್ಷದ ಹಿಂದೆ ತೋಟದ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದವನು ಅವನೇ. ಯೋಗಿತಾಳ ಕೈಯಲ್ಲಿ ಫಾರಂಗಳ ಕಟ್ಟು ಕಂಡಿದ್ದೇ ಎದ್ದು ನಿಂತ.

“ಇದನ್ನೆಲ್ಲ ಯಾರು ತುಂಬಿದ್ದು?”

“ನಾನೇ ಕಣ್ರೀ.”

ಸುಳ್ಳು ಹೇಳುತ್ತಾನೆ ಎಂದುಕೊಂಡು ಬೈಗುಳ ಸಿದ್ಧ ಮಾಡಿಕೊಂಡು ಬಂದಿದ್ದವಳು ಫಾರಂಗಳ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ಯಾಕ್ರೀ ಹಿಂಗೆ ಮಾಡಿದ್ರಿ?”

“ಮನೇಗೆ ಬಂದು ಉಂಡೋರ್ನ, ಊಟಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂತ ಯಾವ ಮುಖ ಇಟ್ಕಂಡು ಕೇಳ್ಲಿ? ನಮ್ ಮನೇಲಿ ಅಂಗೆಲ್ಲ ಕೇಳಂಗಿಲ್ಲ. ನಮ್ಮವ್ವಂಗೆ ಗೊತ್ತಾದ್ರೆ ಎಂಟು ದಿನ ನನ್ನ ಮಾತಾಡ್ಸಲ್ಲ.”

“ಅದನ್ನ ಮೊದ್ಲೇ ಹೇಳಬಹುದಿತ್ತಲ್ವಾ?”

“ನೀವು ಅಷ್ಟು ಆಸೆಯಿಂದ ಕೊಟ್ಟು ಹೋದ್ರಿ. ಖಾಲಿ ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ ಬುಡಿ.” ಅವನು ಕೆಸರಾದ ಕೈಯನ್ನು ಪಂಚೆಗೆ ಒರೆಸಿಕೊಂಡ. “ನಿಮಗೆ ಇಷ್ಟು ತೊಂದ್ರೆ ಆಯ್ತದೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು.”

ಆ ‘ತಪ್ಪಾಯ್ತು’ ಎಂಬ ಮಾತು ಎಷ್ಟು ನೇರವಾಗಿತ್ತೆಂದರೆ, ಅವಳ ಕೋಪಕ್ಕೆ ಕೂರಲು ಜಾಗವೇ ಸಿಗಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಮರುದಿನ ಪ್ರಬಂಧದ ಗೈಡ್ ಸುನಂದಾ ಮೇಡಂ ಎದುರು ಅವಳು ಏನನ್ನೂ ಮುಚ್ಚಿಡಲಿಲ್ಲ. ಮೇಡಂ ನಲವತ್ತೆರಡನ್ನೂ ಎತ್ತಿ ಕಸದ ಬುಟ್ಟಿಗೆ ಹಾಕಿ, ಕನ್ನಡಕ ತೆಗೆದರು.

“ಅವ್ನು ಮಾಡಿದ್ದು ತಪ್ಪು. ಹೇಳಿದ್ದು ನಿಜ. ಈ ಕಡೆ ಮನೆಗಳಲ್ಲಿ ಅತಿಥೀನ ಯಾರೂ ಕೇಳಲ್ಲ. ಕೇಳದೇ ಅವರಿಗೆ ಹೆಂಗೆ ಗೊತ್ತಾಗುತ್ತೆ, ಬಂದವರಿಗೆ ಖುಷಿ ಆಯ್ತೋ ಇಲ್ವೋ ಅಂತ? ಹೋಗಿ ಕೂತ್ಕೊಂಡು ನೋಡು. ಮೊದಲಿಂದ ಶುರು ಮಾಡೋಕೆ ಆಗುತ್ತಾ?”

“ಮಾಡ್ತೀನಿ ಮೇಡಂ.”

ಅಲ್ಲಿಂದ ಪ್ರತಿ ಶನಿವಾರ ತುರುವೇಕೆರೆ ಕಡೆಯ ಎರಡು ಮನೆ, ಭಾನುವಾರ ದಂಡಿನಶಿವರ. ಬೇಸಿಗೆ ಬೆಳೆಯುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೆ ಬರೆದಳು, ಸಿಗದಿದ್ದರೆ ನಿಂತೇ ನೆನಪಿಟ್ಟುಕೊಂಡಳು.

ದಯಾನಂದನ ತಾಯಿ ಗಂಗಲಕ್ಷ್ಮಿಯೇ ಅವಳ ನಿಜವಾದ ಮೇಷ್ಟರಾದರು. ಬೆಂಗಳೂರಿನ ಕುಟುಂಬವೊಂದು ಮುದ್ದೆ, ಬಸ್ಸಾರನ್ನು ಬಾಯ್ತುಂಬ ಹೊಗಳಿ ಹೋದಾಗ ಅವರು ತಲೆ ಆಡಿಸಿದರು.

“ಬಾಯಲ್ಲಿ ಹೊಗಳಿದೋರು ಮತ್ತೆ ಬರಲ್ಲ ಕಣವ್ವ. ಅಡುಗೆಮನೆ ಬಾಗ್ಲು ತಂಕ ಬಂದು ತಾವೇ ನೀರು ಕೇಳ್ತಾರಲ್ಲ, ಅವರು ಬತ್ತಾರೆ.”

ಯೋಗಿತಾ ಬರೆದುಕೊಂಡಳು. ಅವಳ ಕೈಯಲ್ಲಿ ಆಗತಾನೆ ಒಳಗಿಂದ ತಾನೇ ತುಂಬಿಕೊಂಡು ಬಂದ ನೀರಿನ ಲೋಟವಿತ್ತು. ಗಂಗಲಕ್ಷ್ಮಿ ಲೋಟ ನೋಡಿದರು, ಅವಳನ್ನು ನೋಡಿದರು, ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು. ಅಲ್ಲೇ ಕಂಬಕ್ಕೆ ಒರಗಿದ್ದ ದಯಾನಂದನ ಕಿವಿ ಕೆಂಪಾದದ್ದು ಮಾತ್ರ ಯೋಗಿತಾಳ ನೋಟ್‌ಬುಕ್ಕಿಗೆ ಸೇರಲಿಲ್ಲ.

ಅತಿಥಿಗಳಿಲ್ಲದ ಒಂದು ಭಾನುವಾರ ಅವನು ಅವಳನ್ನು ಕೊಬ್ಬರಿ ಅಟ್ಟಕ್ಕೆ ಹತ್ತಿಸಿದ. ವರ್ಷದ ಕಾಯಿ ಸಿಪ್ಪೆ ಸಮೇತ ಅಲ್ಲಿ ಒಣಗುತ್ತಾ ಮಲಗಿತ್ತು. ಹೆಂಚಿನ ಸಂದಿಯಿಂದ ಬಿಸಿಲಿನ ಎಳೆಗಳು ಇಳಿದಿದ್ದವು. ಅವನು ಒಂದು ಕಾಯನ್ನೆತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ.

“ಏನಾದ್ರೂ ಕೇಳುಸ್ತಾ?”

“ನೀರಿನ ಸದ್ದು.”

“ಅಂದ್ರೆ ಇನ್ನೂ ಆಗಿಲ್ಲ. ನೀರು ಇಂಗಿ, ತಿರುಳು ಗಿಟುಕಾಗಿ ಚಿಪ್ಪು ಬಿಟ್ಕಂಡು ಒಳಗೆ ಲೊಟಲೊಟ ಅನ್ನಬೇಕು. ಹನ್ನೊಂದು ತಿಂಗಳು, ಒಂದೊಂದ್ ಸಲ ವರ್ಷಾನೂ ಆಯ್ತದೆ.”

“ಅಷ್ಟು ದಿನ ಕಾಯ್ತೀರಾ?”

“ನಮಗೆ ಕಾಯೋದು ಅಭ್ಯಾಸ ಅಲ್ವೇನ್ರೀ,” ಎಂದ. ಕಾಯಿ ಕೆಳಗಿಟ್ಟ ಮೇಲೂ ಅವನ ಕಣ್ಣು ಅವಳ ಕಿವಿಯ ಪುಟ್ಟ ಓಲೆಯ ಬಳಿಯೇ ಇತ್ತು. ಅವಳು ನೋಡಿದಳು ಎಂದು ತಿಳಿದ ಕೂಡಲೇ ಅಟ್ಟದ ತೊಲೆ ಎಣಿಸತೊಡಗಿದ. ಅಲ್ಲಿ ಇದ್ದದ್ದೇ ನಾಲ್ಕು ತೊಲೆ.

ಬಸ್ಸಿನಲ್ಲಿ ತಿಪಟೂರು ಬರುವವರೆಗೂ ಅವಳು ಒಂದಕ್ಷರ ಬರೆಯಲಿಲ್ಲ. ಅವನ ಮೇಲೆ ಮನಸ್ಸಾಗಿದೆ ಎಂದು ತನಗೆ ತಾನೇ ಒಪ್ಪಿಕೊಳ್ಳಲು ಅಷ್ಟು ದೂರ ಸಾಕಾಯಿತು.

ಏಪ್ರಿಲ್ ಮಧ್ಯದಲ್ಲಿ ಸುನಂದಾ ಮೇಡಂ ಮೂರು ಹಾಳೆ ಕೊಟ್ಟರು. ಒಂದೊಂದು ಮನೆಗೆ ಒಂದೊಂದು ಘೋಷಣೆ: ಸಂಶೋಧಕಿಗೂ ಈ ಮನೆಯವರಿಗೂ ಯಾವುದೇ ವೈಯಕ್ತಿಕ ಸಂಬಂಧ ಇರುವುದಿಲ್ಲ. ಎರಡಕ್ಕೆ ಯೋಗಿತಾ ಸರಸರ ಸಹಿ ಹಾಕಿದಳು. ಮೂರನೆಯದರ ಮೇಲೆ ಪೆನ್ನು ಇಳಿಯಲೇ ಇಲ್ಲ.

ಆ ಹಾಳೆ ಹಿಡಿದು ಅವಳು ದಂಡಿನಶಿವರಕ್ಕೆ ಬಂದಳು. ಅತಿಥಿಯನ್ನೇ ಒಂದು ಮಾತು ಕೇಳದ ಮನೆಯವನು ತನ್ನನ್ನು ಮಾತ್ರ ತಾನಾಗಿ ಕೇಳುತ್ತಾನೆಯೇ? ಜನ್ಮಕ್ಕೂ ಕೇಳುವುದಿಲ್ಲ. ಕೇಳಬೇಕಾದವಳು ತಾನೇ.

ಅವನು ಹಾಳೆಯನ್ನು ನಿಧಾನವಾಗಿ ಓದಿದ.

“ಇದೆಯೋ ಇಲ್ವೋ?” ಅಂದಳು. “ನನ್ನ ಕಡೆ ಇದೆ. ನಿಮ್ಮ ಕಡೇದು ಹೇಳಿ.”

ಅವನ ಮುಖದಲ್ಲಿ ಬೆಳಕು ಮೂಡಿತು, ಮರುಕ್ಷಣವೇ ಆರಿತು. “ಇದೆ ಅಂದ್ರೆ ಏನಾಯ್ತದೆ?”

“ಈ ಮನೆ ನನ್ನ ಪ್ರಬಂಧದಿಂದ ಹೋಗುತ್ತೆ. ಎಂಟು ವಾರದ ಕೆಲಸ.”

“ಅಂಗಾದ್ರೆ ಇಲ್ಲ ಅಂತ ಹಾಕ್ಬುಡಿ. ನಿಮ್ಮ ಒಂದ್ ವರ್ಷ ಹಾಳಾಗದು ಬ್ಯಾಡ.”

“ನನ್ನ ಪ್ರಬಂಧದಲ್ಲಿ ನೀವು ಒಂದ್ಸಲ ಸುಳ್ಳು ತುಂಬಿದ್ದು ಸಾಕು ದಯಾನಂದ್.” ಅವಳು ಹಾಳೆಯನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡಳು. “ನನ್ನ ವರ್ಷ ಹೆಂಗೆ ಉಳಿಸ್ಕೋಬೇಕು ಅಂತ ನಾನು ನೋಡ್ಕೋತೀನಿ. ನಿಮ್ಮನ್ನ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ.”

ತೋಟದಲ್ಲಿ ಎಲ್ಲೋ ಒಂದು ಗರಿ ಕಳಚಿ ಬಿತ್ತು. ಅವನು ಅತ್ತ ತಿರುಗಲಿಲ್ಲ.

“ಇದೆ. ಫಾರಂ ಕೊಡೋಕೆ ಬಂದ ದಿನದಿಂದ್ಲೂ ಇದೆ. ಶನಿವಾರ ಬಂದ್ರೆ ಸಾಕು, ನಾಳೆ ಯೋಗಿತಾ ಬತ್ತಾಳೆ ಅಂತ ಅಂಗಳಾನ ಎರಡೆರಡು ಸಲ ಗುಡಿಸ್ತೀನಿ. ನಮ್ಮವ್ವ ನಗ್ತಾಳೆ. ನೀನು ಅಂದ್ರೆ ನಂಗೆ ಪ್ರಾಣ ಕಣೇ.”

ಮೊದಲ ಬಾರಿಗೆ ‘ರೀ’ ಬಿಟ್ಟಿದ್ದ. ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು, ಒರೆಸಿಕೊಂಡ ಕೈಯಿಂದಲೇ ಅವನ ಕೈ ಹಿಡಿದಳು. ಇಬ್ಬರ ಕೈಯೂ ಬೆವೆತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೈ ಬಿಡಿಸಿಕೊಂಡು ಹಾಳೆಯನ್ನು ಅಡ್ಡಡ್ಡ ಹರಿದಳು.

“ಚಿಕ್ಕನಾಯಕನಹಳ್ಳಿ ಗುಡ್ಡದ ಹತ್ರ ಭೂತಮ್ಮ ಅನ್ನೋರ ತೋಟದ ಮನೆ ಇದೆ. ಬೇಸಿಗೆ ರಜ, ದಿನಾ ಅತಿಥಿಗಳಿರ್ತಾರೆ. ಅಲ್ಲೇ ಉಳ್ಕೊಂಡು ಮಾಡ್ತೀನಿ. ಇಪ್ಪತ್ತಮೂರು ದಿನ ಇದೆ.”

“ನಾನೇ ಬಂದು ಬಿಟ್ಟು ಬರ್ಲಾ? ಅವರು ನಮಗೆ ಗೊತ್ತಿರೋರೇ.”

“ಬೇಡಪ್ಪಾ! ನೀವು ಬಂದು ಶಿಫಾರಸು ಮಾಡಿದ್ರೆ ಆ ಮನೇನೂ ಹೋಗುತ್ತೆ. ಬಸ್ ಸ್ಟಾಪ್ ತನಕ ಬನ್ನಿ ಸಾಕು. ಪ್ರಬಂಧ ಕೊಡೋವರೆಗೂ ಫೋನೂ ಮಾಡ್ಬೇಡಿ.”

ಅವನು ಮಾಡಲಿಲ್ಲ. ಅವಳಿಗೆ ಅದು ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಭೂತಮ್ಮನ ಜಗಲಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತಳು, ಕುರಿ ಹಿಂಡಿನ ಧೂಳು ಕುಡಿದಳು, ಬಂದವರ ತಟ್ಟೆ ನೋಡಿದಳು, ಹೋಗುವವರ ನಡಿಗೆ ನೋಡಿದಳು, ಬರೆದಳು. ಮನಸ್ಸು ದಂಡಿನಶಿವರದ ದಾರಿ ಹಿಡಿದಾಗಲೆಲ್ಲ ಮತ್ತೊಂದು ಪುಟ ತಿರುವಿದಳು.

ಕೊನೆಯ ದಿನ ಸುನಂದಾ ಮೇಡಂ ಪ್ರಬಂಧವನ್ನು ಕೈಗೆತ್ತಿಕೊಂಡು ಹದಿನೇಳನೇ ಪುಟದಲ್ಲಿ ನಿಂತರು. ಗಟ್ಟಿಯಾಗಿ ಓದಿದರು.

“ದಂಡಿನಶಿವರದ ಮನೆಯ ಮಾಹಿತಿಯನ್ನು ಪೂರ್ತಿ ಕೈಬಿಡಲಾಗಿದೆ. ಕಾರಣ, ಸಂಶೋಧಕಿ ಆ ಮನೆಯ ಯಜಮಾನರನ್ನು ಪ್ರೀತಿಸುತ್ತಾಳೆ.” ಕನ್ನಡಕದ ಮೇಲಿಂದ ನೋಡಿದರು. “ವೈಯಕ್ತಿಕ ಕಾರಣ ಅಂದ್ರೆ ಸಾಕಾಗಿತ್ತಲ್ಲಮ್ಮ? ಇದನ್ನ ಹೊರಗಿನ ಪರೀಕ್ಷಕರೂ ಓದ್ತಾರೆ.”

“ಓದ್ಲಿ ಮೇಡಂ. ಅದೇ ನಿಜವಾದ ಕಾರಣ.”

ಮೇಡಂ ಕೆಂಪು ಪೆನ್ನು ಎತ್ತಿದರು. ಆಮೇಲೆ ಕ್ಯಾಪ್ ಹಾಕಿ ಪಕ್ಕಕ್ಕಿಟ್ಟು, ನೀಲಿ ಪೆನ್ನು ತೆಗೆದು ಸಹಿ ಮಾಡಿದರು.

“ಸರಿ ಹೋಗು. ಬೆಳಗ್ಗೆ ಆರರಿಂದ ಯಾರೋ ಒಬ್ಬರು ಗೇಟ್ ಹತ್ರ ನಿಂತಿದ್ದಾರಂತೆ. ವಾಚ್‌ಮನ್ ಎರಡು ಸಲ ಬಂದು ಹೇಳಿದ.”

ಯೋಗಿತಾ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.