ಅಮ್ಮನ ಪಟ್ಟಾಂಗಕ್ಕೊಂದು ಮನೆ

ನಡೆದದ್ದನ್ನಷ್ಟೇ ಹೇಳುತ್ತೇನೆ. ೨೦೦೯ರಲ್ಲಿ ಬ್ರಹ್ಮಾವರದ ಕಡೆ ಮನೆ ಹುಡುಕುತ್ತಿದ್ದೆವು. ನನಗೆ ಬಸ್ಸು ಹತ್ತಿರವಿರಬೇಕು, ಹೆಂಡತಿ ಶ್ರೀಲತಾಳಿಗೆ ಬಾವಿ ನೀರು ಸಿಹಿಯಿರಬೇಕು, ಅಮ್ಮನಿಗೆ ಪಟ್ಟಾಂಗ ಹೊಡೆಯಲು ಜನ ಬೇಕು.

ಒಂದು ದಿನ ನೋಡಲು ಹೋದ ಮನೆಗೆ ನೆರೆಹೊರೆಯೇ ಇರಲಿಲ್ಲ. ನಾವಿಬ್ಬರೂ ಬಾವಿ ನೋಡಿ ಬರುವಷ್ಟರಲ್ಲಿ ಅಮ್ಮ ಜಗಲಿಯಲ್ಲಿ ಒಬ್ಬರೇ ಕೂತು ಎಲೆಯಡಿಕೆ ಜಗಿಯುತ್ತ ನಗುತ್ತಿದ್ದರು. ಪಕ್ಕದಲ್ಲಿ ಗಮ್ಮೆಂದು ಹೊಗೆಸೊಪ್ಪಿನ ವಾಸನೆ. ಅಮ್ಮ ಅದನ್ನು ಮುಟ್ಟಿದವರಲ್ಲ.

“ಇದೇ ಮನಿ ಆಯ್ಕ್ ಮಗಾ. ಒಳ್ಳೆ ಜನ.”

“ಯಾರಮ್ಮ?”

“ಅದ್ ನಿಂಗೆಂತಕ್? ಹೆಂಗ್ಸ್ರ್ ಪಟ್ಟಾಂಗ.”

ಮನೆ ಕೊಂಡೆವು. ದಿನಾ ಸಂಜೆ ಜಗಲಿಯಲ್ಲಿ ಅದೇ ನಗು, ಅದೇ ವಾಸನೆ.

ಮೊನ್ನೆ ಕುಂಭಾಶಿಯ ಅಕ್ಕನ ಮನೆಗೆ ಹೊರಟ ಅಮ್ಮ, “ಅವ್ರ್ ಕೇಂಡ್ರೆ, ಸೋಮವಾರ ಬತ್ತೆ ಅಂದ್ ಹೇಳ್” ಎಂದರು.

ನಿನ್ನೆ ಸಂಜೆ ಅವರು ಕೇಳಿದರು. ಸೋಮವಾರ ಎಂದು ಹೇಳಿದೆ.