ಜಿಂಕೆ ಹಿಡಿಯುವಾಗ ಮಾತಾಡಬಾರದು

ಸಂಕ್ರಾಂತಿ ಮುಗಿದಿತ್ತು, ಚಳಿ ಮಾತ್ರ ಬಿಟ್ಟಿರಲಿಲ್ಲ. ಬೆಳಗಿನ ಹೊತ್ತು, ಹುಲ್ಲಿನ ಮೇಲಿನ ಇಬ್ಬನಿ ಆರುವ ಮುಂಚೆ, ನಾನು ಗುರುದೇವಿಯನ್ನು ಮೊದಲ ಸಲ ಕಂಡೆ. ಕಂಡೆ ಅನ್ನುವುದು ತಪ್ಪು. ಅವಳ ಹಣೆಗೆ ನನ್ನ ಹಣೆ ಬಡಿಯಿತು.

ಹಸಿರು ಪರದೆಯ ತುದಿ ಹಿಡಿದು ನಾನು ಈ ಕಡೆಯಿಂದ ಓಡಿ ಬಂದಿದ್ದೆ. ಇನ್ನೊಂದು ಪರದೆಯ ತುದಿ ಹಿಡಿದು ಅವಳು ಆ ಕಡೆಯಿಂದ ಬಂದಿದ್ದಳು. ನಡುವೆ ನಿಲ್ಲಬೇಕೆಂದು ಹೇಳಿದ್ದರು. ಇಬ್ಬರಿಗೂ ನಿಲ್ಲುವುದು ತಿಳಿಯಲಿಲ್ಲ.

"ಕಣ್ಣು ಕಾಣೂದಿಲ್ಲೇನ್ರಿ ನಿಮಗ?" ಅಂದಳು ಹಣೆ ಉಜ್ಜಿಕೊಳ್ಳುತ್ತ.

ನಾನು ಸುಮ್ಮನೆ ನಿಂತೆ.

"ಕಿವೀನೂ ಇಲ್ಲೇನು?"

ಆಗಲೂ ಸುಮ್ಮನಿದ್ದೆ.

"ಅಯ್ಯ, ಚಂದ್ರಾಮಣ್ಣ! ಮೂಕಪ್ಪನ್ನ ಕೊಟ್ಟೀಯಲ್ಲೋ ನನ್ನ ಜೋಡಿಗೆ!"

ನಮ್ಮ ಮೇಸ್ತ್ರಿ ಚಂದ್ರಾಮ ದೂರದಿಂದಲೇ ನಕ್ಕ. "ಮೂಕ ಅಲ್ಲಬೇ, ಮಾತಿಗೆ ಜಿಪುಣ. ಅಮರಯ್ಯ ಅಂತ. ಅಂವನ ಪಾಲಿಂದೂ ನೀನ ಆಡು."

"ಅದೇನ ದೊಡ್ಡ ಮಾತು," ಅಂದಳು. ಆಡಿದಳೂ ಸಹ.

ಆಗ ಹೈದರಾಬಾದಿನ ಮಿಯಾಪುರಕ್ಕೆ ಮೆಟ್ರೋ ರೈಲು ಹೊಸದು. ಮಾದಾಪುರದ ಗಾಜಿನ ಆಫೀಸುಗಳು ಬೆಳೆಯುತ್ತ ಬೆಳೆಯುತ್ತ ಪಟಾನ್‌ಚೆರು ದಾರಿಯ ತನಕ ಬಂದಿದ್ದವು. ಅವುಗಳಲ್ಲಿ ಎಷ್ಟಕ್ಕೆ ನಾನೇ ಇಟ್ಟಿಗೆ ಹೊತ್ತಿದ್ದೇನೋ, ಈಗ ನೋಡಿದರೆ ಗುರುತು ಹತ್ತುವುದಿಲ್ಲ. ಅವುಗಳ ನಡುವೆ ಒಂದು ಸರಕಾರಿ ಸಂಸ್ಥೆಯ ದೊಡ್ಡ ಕಂಪೌಂಡು. ಒಳಗೆ ಕುರುಚಲು ಕಾಡು, ಒಂದು ಕೆರೆ, ಚುಕ್ಕೆ ಜಿಂಕೆಗಳು. ನಮ್ಮ ಕಡೆ ಚಿಗರಿ ಅನ್ನುತ್ತೇವೆ. ಮೊದಲು ಗೋಡೆ ಗಿಡ್ಡ ಇತ್ತು. ಜಿಂಕೆಗಳು ಹಾರಿ ಹೋಗುತ್ತಿದ್ದವು, ಹಾರಿ ಬರುತ್ತಿದ್ದವು. ಸುತ್ತ ಅಪಾರ್ಟ್‌ಮೆಂಟು ಎದ್ದ ಮೇಲೆ ಗೋಡೆ ಏರಿಸಿದರು. ಒಳಗೇ ಹುಟ್ಟಿ ಒಳಗೇ ಹೆಚ್ಚಿದವು. ಹುಲ್ಲು ಮುಗಿದು ಮರದ ತೊಗಟೆಗೆ ಬಾಯಿ ಹಾಕಿದವು, ಕಸದ ಡಬ್ಬಿಯ ಪ್ಲಾಸ್ಟಿಕ್ಕನ್ನೂ ಬಿಡಲಿಲ್ಲ. ಬೀದಿನಾಯಿಗಳು ಬಂದರೆ ಮರಿಗಳಿಗೆ ಓಡುವ ದಾರಿಯಿಲ್ಲ. ಕೊನೆಗೆ ಅರ್ಧ ಹಿಂಡನ್ನಾದರೂ ಹಿಡಿದು ಆದಿಲಾಬಾದ್ ಕಡೆಯ ಕಾಡಿಗೆ ಬಿಡುವುದೆಂದು ತೀರ್ಮಾನವಾಯಿತು. ಅದರ ಕೂಲಿ ಕೆಲಸವನ್ನು ಚಂದ್ರಾಮ ಹಿಡಿದ.

ಹಿಡಿಯುವುದೆಂದರೆ ಬಲೆ ಬೀಸುವುದಲ್ಲ. ಲಾಳಿಕೆಯ ಹಾಗೆ ಎರಡು ಕಡೆ ಹಸಿರು ಬಟ್ಟೆಯ ಗೋಡೆ ಕಟ್ಟುತ್ತಾರೆ. ಬಾಯಿ ಅಗಲ, ಕೊನೆ ಇಕ್ಕಟ್ಟು, ಕೊನೆಯಲ್ಲಿ ಲಾರಿ. ಒಳಗೆ ದಿನಾ ಮೇವು ಇಟ್ಟು ರೂಢಿ ಮಾಡಿಸುತ್ತಾರೆ. ರೂಢಿಯಾದ ಮೇಲೆ ಒಂದು ದಿನ, ಜಿಂಕೆಗಳು ಒಳಗೆ ಬಂದಾಗ, ಬಟ್ಟೆಯ ಮರೆಯಲ್ಲಿ ಅಡಗಿದ ಜೋಡಿಗಳು ಎರಡೂ ಕಡೆಯಿಂದ ಓಡಿ ಬಂದು ನಡುವೆ ಪರದೆ ಕೂಡಿಸಿ ಕೊಂಡಿ ಹಾಕಬೇಕು. ಅವುಗಳ ಬೆನ್ನ ಹಿಂದೆ ಬಾಗಿಲು ಬಿದ್ದಂತೆ. ಒಂದು ಪರದೆಗೆ ಒಂದು ಜೋಡಿ. ನನ್ನ ಜೋಡಿ ಗುರುದೇವಿ.

ಇದನ್ನೆಲ್ಲ ಕಲಿಸಿದವರು ಡಾಕ್ಟರ್ ಲಹರಿ. ಪ್ರಾಣಿಗಳ ಡಾಕ್ಟರು, ಚಿಕ್ಕ ವಯಸ್ಸು. ಮೈಸೂರು ಕಡೆಯ ಮನೆತನ, ತಂದೆ ಇಲ್ಲಿ ಡಿಫೆನ್ಸ್ ನೌಕರಿಯಲ್ಲಿದ್ದವರು.

"ಬಟ್ಟೆಯೊಳಗೆ ಕಾಲಿಟ್ಟ ಮೇಲೆ ಯಾರೂ ಮಾತಾಡಬಾರದು. ಫೋನ್ ಹೊರಗೆ ಇಟ್ಟು ಬನ್ನಿ. ಜಿಂಕೆ ನೋಡ್ತಿದ್ರೆ ತಲೆ ಕೂಡ ಅಲುಗಿಸಬೇಡಿ," ಅಂದರು.

ನಾವು ನಕ್ಕೆವು. ನಾಲ್ಕು ದಿನ ಆಗಿರಲಿಲ್ಲ, ನಮ್ಮವನೊಬ್ಬನ ಜೇಬಿನಲ್ಲಿ ಫೋನು ಹಾಡಿತು. ಮೇವಿಗೆ ಬಂದಿದ್ದ ಒಂದು ಹೆಣ್ಣು ಜಿಂಕೆ ಬೆಚ್ಚಿ ಬಟ್ಟೆಗೆ ಬಡಿದು, ಎರಡು ಸುತ್ತು ಹಾಕಿ, ಕುಳಿತಿತು. ಕುಳಿತದ್ದು ಏಳಲಿಲ್ಲ. ಡಾಕ್ಟರು ಓಡಿ ಬಂದು ಎದೆಗೆ ಕಿವಿಗೊಳವೆ ಇಟ್ಟರು. ಮೈಯೆಲ್ಲ ತಡವಿದರು.

"ಎಲ್ಲಿ ಪೆಟ್ಟಾಗೇತ್ರಿ?" ಚಂದ್ರಾಮ ಕೇಳಿದ.

"ಎಲ್ಲೂ ಇಲ್ಲ. ಹೆದರಿಕೊಂಡಿತು, ಅಷ್ಟೇ."

ಅಷ್ಟೇ. ಕಣ್ಣು ತೆರೆದೇ ಇತ್ತು, ತುಟಿಯಲ್ಲಿ ಜಗಿಯುತ್ತಿದ್ದ ಸೊಪ್ಪು ಹಾಗೇ ಇತ್ತು. ಹೆದರಿಕೆಗೆ ಒಂದು ಜೀವ ಹೀಗೆ ನಿಂತುಬಿಡುತ್ತದೆಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಂದಿನಿಂದ ನಮ್ಮ ಗ್ಯಾಂಗಿನವರು ಬಟ್ಟೆಯೊಳಗೆ ಕೆಮ್ಮಲಿಲ್ಲ.

ನನಗೆ ಅದು ಸ್ವರ್ಗ. ಗುರುದೇವಿಗೆ ಜೈಲು. ಆದರೆ ಅವಳು ಬಾಯಿ ಕಟ್ಟಿದರೆ ಸೋಲುವವಳಲ್ಲ. ಎದುರಿನ ಬಟ್ಟೆಯ ಸಂದಿಯಿಂದ ಕಣ್ಣಿನಲ್ಲೇ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಅವಳ ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ. ನಗು ಬರುವ ಮುಂಚೆ ಆ ಹುಬ್ಬು ಏಳುತ್ತಿತ್ತು. ಅದು ಎದ್ದಿತೆಂದರೆ ನಾನು ನೆಲ ನೋಡುತ್ತಿದ್ದೆ. ಕೆನ್ನೆ ಉಬ್ಬಿಸಿ ಚಂದ್ರಾಮನ ಹೊಟ್ಟೆ ಮಾಡಿ ತೋರಿಸುವಳು. ಡಾಕ್ಟರು ಕನ್ನಡಕ ಏರಿಸುವುದನ್ನು ಎರಡು ಬೆರಳಿನಲ್ಲಿ ಮಾಡಿ ತೋರಿಸುವಳು. ನಾನು ತುಟಿ ಕಚ್ಚಿ ನಿಲ್ಲುತ್ತಿದ್ದೆ. ಒಂದು ಸಲ ರಕ್ತವೇ ಬಂತು.

ಪರದೆ ಕೂಡಿಸುವ ಅಭ್ಯಾಸ ದಿನಾ ನಡೆಯುತ್ತಿತ್ತು. ಓಡಿ ಬಂದು ಮೂಗಿಗೆ ಮೂಗು ನಿಲ್ಲುವುದು, ಕೊಂಡಿ ಹಾಕುವುದು, ಹಿಂದೆ ಸರಿಯುವುದು. ಸರಿಯುವುದಕ್ಕೆ ಇಬ್ಬರಿಗೂ ದಿನದಿಂದ ದಿನಕ್ಕೆ ತಡವಾಗುತ್ತಿತ್ತು.

"ನೋಡ್ರೋ, ನಮ್ಮ ಅಮರಯ್ಯಗ ದಿನಾ ಅಂತರಪಟ ಹಿಡೀತಾರ," ಅಂದ ಚಂದ್ರಾಮ ಊಟಕ್ಕೆ ಕೂತಾಗ. "ಅಕ್ಕಿಕಾಳು ಒಂದ ಬಾಕಿ."

"ಅಕ್ಕಿ ನೀನ ತಾರೋ ಅಣ್ಣ," ಗುರುದೇವಿ ಸಿಟ್ಟಾಗಲಿಲ್ಲ. "ಮದಿಮಗ ಹೂಂ ಅಂದ್ರ ಸಾಕು. ಅಂವ ಹೂಂ ಅನ್ನೂದರಾಗ ನನ್ನ ತಲಿ ನೆರೀತೈತಿ."

"ಈಗೇನ ಕರ್ರಗ ಐತೇನು?"

ಎಲ್ಲರೂ ನಕ್ಕರು. ನಾನು ರೊಟ್ಟಿ ಮುರಿಯುತ್ತ ಕೂತೆ. ಅವಳಿಗೆ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನಗೆ ತಂಗಿಯರ ಮದುವೆ ಮಾಡುವುದರಲ್ಲಿ ನನ್ನ ಮದುವೆಯ ವಯಸ್ಸು ಹೋಗಿತ್ತು. ಯಾರೂ ತಡೆಯುವವರಿರಲಿಲ್ಲ. ಒಂದು ಮಾತು ಆಡಬೇಕಿತ್ತು, ಅದು ನನ್ನ ಬಾಯಿಂದ ಬರಬೇಕಿತ್ತು.

ಒಂದು ಮಧ್ಯಾಹ್ನ ಗುರುದೇವಿ ಡಾಕ್ಟರನ್ನು ಕೇಳಿದಳು. "ಡಾಕ್ಟರಮ್ಮ, ಆ ಕಾಡಿನ್ಯಾಗ ಇವಕ್ಕ ಯಾರು ಮೇವು ಹಾಕ್ತಾರ?"

"ಮೊದಲ ಎರಡು ತಿಂಗಳು ಬೇಲಿಯೊಳಗೆ ನಾವೇ ಹಾಕ್ತೀವಿ. ಆಮೇಲೆ ಕಾಡಿಗೆ ಬಿಡ್ತೀವಿ. ಅಲ್ಲಿ ಹುಲಿಗಳಿಗೆ ಬೇಟೆ ಕಡಿಮೆಯಾಗಿದೆ, ಹಾಗಾಗಿ..."

ಗುರುದೇವಿಯ ಕೈಯ ತುತ್ತು ಕೈಯಲ್ಲೇ ನಿಂತಿತು. "ಹುಲಿ ತಿನ್ನಾಕ? ನಾ ದಿನಾ ಕುಂಬಳಕಾಯಿ ಹೆಚ್ಚಿ ಹೆಚ್ಚಿ ಹಾಕಾಕತ್ತಿದ್ದು ಹುಲಿ ಸಲುವಾಗೇನು?"

ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

"ಎಲ್ಲವನ್ನೂ ತಿನ್ನಲ್ಲ ಗುರುದೇವಮ್ಮ," ಡಾಕ್ಟರು ಮೆಲ್ಲಗೆ ಹೇಳಿದರು. "ಅಲ್ಲಿ ಹುಲಿ ಬಂದ್ರೆ ಓಡೋಕೆ ಜಾಗ ಇದೆ. ಇಲ್ಲಿ ನಾಯಿ ಬಂದ್ರೂ ಜಾಗ ಇಲ್ಲ. ನೀವೇ ನೋಡಿದ್ದೀರಲ್ಲ, ಮರಿಗಳನ್ನ."

ಅವಳು ಆ ದಿನ ಊಟ ಪೂರ್ತಿ ಮಾಡಲಿಲ್ಲ. ಸಂಜೆ ಹಗ್ಗ ಸುತ್ತುವಾಗ ನನ್ನ ಪಕ್ಕಕ್ಕೆ ಬಂದಳು.

"ಡಾಕ್ಟರಮ್ಮ ನನ್ನೂ ಬಾ ಅಂತಾಳ್ರಿ. ಇವಕ್ಕ ನನ್ನ ರೂಢಿ ಆಗೇತಂತ. ಆಮ್ಯಾಲ ಅಲ್ಲೇ ನರ್ಸರ್‍ಯಾಗ ಕೆಲಸ, ಇರಾಕ ಖೋಲಿ. ಹೋದ್ರ ನಾ ಹೊಳ್ಳಿ ಬರೂದಿಲ್ಲ."

"ಹೋಗ್ತೀರೇನು?"

"ಹೋಗಬ್ಯಾಡ ಅನ್ನಾವ್ರು ಯಾರದಾರ?" ಎಂದು ನನ್ನ ಮುಖ ನೋಡಿದಳು. ಹುಬ್ಬು ಏಳಲಿಲ್ಲ. ನಾನು ಹಗ್ಗ ಸುತ್ತಿದೆ. ಸುತ್ತಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತಿದೆ. ಅವಳು ಹೋದಳು.

ಹಿಡಿಯುವ ದಿನ ಬಂತು. ಬೆಳಕು ಹರಿಯುವಾಗ ಹಿಂಡು ಒಳಗೆ ಬಂತು. ಡಾಕ್ಟರು ಕೈ ಬೀಸಿದ್ದೇ ನಾವು ಓಡಿದೆವು. ನಡುವೆ ಕೂಡಿದೆವು. ಮೇಲಿನ ಕೊಂಡಿ ಬಿತ್ತು. ಕೆಳಗಿನ ಕೊಂಡಿ ಹಾಕುವಾಗ ಬಟ್ಟೆಯೇ ಹರಿದು ಕಿತ್ತು ಬಂತು. ಬೇರೆ ದಾರಿ ಕಾಣದೆ ಎರಡು ಪರದೆಯ ಅಂಚನ್ನು ಕೂಡಿಸಿ ನಾನು ಮುಷ್ಟಿಯಲ್ಲಿ ಹಿಡಿದೆ. ನನ್ನ ಮುಷ್ಟಿಯ ಮೇಲೆ ಅವಳು ತನ್ನ ಎರಡೂ ಕೈ ಬಿಗಿದಳು. ಡಾಕ್ಟರು ದೂರದಿಂದ ಕಂಡರು. ಹಾಗೇ ಇರಿ, ಅಲುಗಬೇಡಿ ಎಂದು ಅಂಗೈ ತೋರಿಸಿದರು. ಜಿಂಕೆಗಳು ಶಾಂತವಾಗಿ ಲಾರಿಯ ಕಡೆ ನಡೆಯುವವರೆಗೆ ಕೈ ಬಿಡುವ ಹಾಗಿರಲಿಲ್ಲ.

ಅರ್ಧ ತಾಸು ಆಗಿರಬೇಕು. ಅವಳ ಉಸಿರು ನನ್ನ ಗದ್ದಕ್ಕೆ ತಗಲುತ್ತಿತ್ತು. ಕೂದಲಲ್ಲಿ ಕೊಬ್ಬರಿ ಎಣ್ಣೆ, ಕೈಯಲ್ಲಿ ಕುಂಬಳಕಾಯಿಯ ವಾಸನೆ. ನನ್ನ ಬೆರಳು ಜೋಮು ಹಿಡಿದವು. ಅವಳಿಗೆ ತಿಳಿಯಿತು, ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದಳು. ನಾನು ಹುಟ್ಟಿದ ಮೇಲೆ ಯಾರೂ ನನ್ನ ಬೆರಳನ್ನು ಹಾಗೆ ಹಿಡಿದಿರಲಿಲ್ಲ.

ಅವಳ ಬೆನ್ನ ಹಿಂದೆ, ಪರದೆಯ ಸಂದಿಯಲ್ಲಿ, ಒಂದು ಕಣ್ಣು ಕಂಡಿತು. ದೊಡ್ಡ ಕೋಡಿನ ಗಂಡು ಜಿಂಕೆ, ನಮ್ಮಿಂದ ಒಂದು ಮಾರು ದೂರ. ಕಿವಿ ನೆಟ್ಟಗೆ. ನನ್ನನ್ನೇ ನೋಡುತ್ತಿತ್ತು.

ಆಗ ಗುರುದೇವಿ ಮಾತಾಡಿದಳು. ತುಟಿ ಅಲುಗಿತೋ ಇಲ್ಲವೋ, ಬರೀ ಉಸಿರು.

"ನನ್ನ ಜೋಡಿ ಬಾಳೇವು ಮಾಡ್ತೀರೇನ್ರಿ?"

ಎದುರಿನ ಗಂಡು ಜಿಂಕೆ ಮುಂಗಾಲೆತ್ತಿ ನಿಂತಿತ್ತು. ನಾನು ಗೋಣು ಹಾಕಿದರೆ ಅದು ನೆಗೆಯುತ್ತದೆ, ಅದರ ಹಿಂದೆ ಹಿಂಡೆಲ್ಲ ಬಟ್ಟೆಗೆ ಬಡಿಯುತ್ತದೆ. ಸೊಪ್ಪು ಕಚ್ಚಿಕೊಂಡೇ ಸತ್ತ ಆ ಹೆಣ್ಣು ಜಿಂಕೆ ಕಣ್ಣ ಮುಂದೆ ಬಂತು. ನಾನು ಅಲುಗಲಿಲ್ಲ. ರೆಪ್ಪೆಯನ್ನೂ ಬಡಿಯಲಿಲ್ಲ.

ಅವಳು ನನ್ನ ಮುಖ ನೋಡಿದಳು, ಕಾದಳು. ಅವಳಿಗೆ ಬೆನ್ನ ಹಿಂದಿನ ಸಂದಿ ಕಾಣುತ್ತಿರಲಿಲ್ಲ. ಕಣ್ಣು ಮೆಲ್ಲಗೆ ಕೆಳಗಿಳಿದವು. ಹೆಬ್ಬೆರಳು ನಿಂತಿತು.

ಡಾಕ್ಟರು ಸನ್ನೆ ಮಾಡಿದಾಗ ಅವಳು ಕೈ ತೆಗೆದು ಹಿಂದೆ ನೋಡದೆ ನಡೆದಳು. ಅವಳ ಹಿಂದೆ ಹೋಗಬೇಕೆಂದರೆ ಹಿಂಡನ್ನು ಲಾರಿಗೆ ಹತ್ತಿಸುವ ಕೆಲಸಕ್ಕೆ ನನ್ನನ್ನು ಕರೆದರು. ಎಲ್ಲ ಹತ್ತಿದವು. ಒಂದೂ ಸಾಯಲಿಲ್ಲ.

ಬಟ್ಟೆಯಿಂದ ದೂರದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಕಿರಿಚಾಟ, ನಗು. ಚಂದ್ರಾಮ ಕುಣಿಯುತ್ತಿದ್ದ. ನಾನು ಹೇಳಲೇಬೇಕೆಂದು ಅವಳ ಕಡೆ ಹೆಜ್ಜೆ ಹಾಕಿದೆ. ಅವಳೇ ಗ್ಲಾಸು ತಂದು ಮುಂದೆ ಹಿಡಿದಳು. ಮುಖದಲ್ಲಿ ನಗು ಇತ್ತು.

"ಚಾ ತಗೋರಿ, ಅಮರಯ್ಯಣ್ಣ."

ಅಣ್ಣ.

ಚಂದ್ರಾಮನ ಕುಣಿತ ನಿಂತಿತು. ಗ್ಯಾಂಗಿನವರೆಲ್ಲ ನಮ್ಮಿಬ್ಬರನ್ನು ನೋಡಿದರು. ಅಲ್ಲಿಯವರೆಗೆ ಅವಳು ನನಗೆ ಯಾವ ಸಂಬಂಧವನ್ನೂ ಹಚ್ಚಿ ಕರೆದವಳಲ್ಲ. ಎಲ್ಲರ ಮುಂದೆ ಒಮ್ಮೆ ಅಣ್ಣ ಅಂದ ಹೆಂಗಸನ್ನು ಮುಂದೆ ಏನೆಂದು ಕೇಳುವುದು? ಗ್ಲಾಸು ವಾಲಿ ಚಹಾ ಕಾಲ ಮೇಲೆ ಬಿತ್ತು. ಬಿಸಿ ತಿಳಿಯಲಿಲ್ಲ. ನಾನು ಕೂತುಬಿಟ್ಟೆ. ಬಹಳ ಹೊತ್ತು ಕೂತಿದ್ದೆನಂತೆ. ಡಾಕ್ಟರು ಬಂದು ಹಣೆ ಮುಟ್ಟಿ ನೋಡಿದರಂತೆ. ನನಗೆ ಆ ಹೊತ್ತಿನದೇನೂ ನೆನಪಿಲ್ಲ.

ಬಿಸಿಲು ಇಳಿದ ಮೇಲೆ ಲಾರಿ ಹೊರಡುವುದಿತ್ತು. ಗುರುದೇವಿ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಮುಂದೆ ಕ್ಯಾಬಿನ್ನಿನಲ್ಲಿ ಕೂತಳು. ಡಾಕ್ಟರು ಬಾಯಿಗೆ ಬೆರಳು ಹಚ್ಚಿ ಎಲ್ಲರನ್ನೂ ದೂರ ನಿಲ್ಲಿಸಿದರು. ಜಿಂಕೆಗಳು ಒಳಗೆ ಮೌನವಾಗಿ ನಿಂತಿದ್ದವು. ಡ್ರೈವರು ಕೀಲಿ ತಿರುಗಿಸಿದ.

ನನ್ನ ಕಾಲು ತಾವಾಗಿಯೇ ನಡೆದವು. ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಕಿಟಕಿ ಹಿಡಿದೆ.

"ಯಾಕಣ್ಣ?" ಅಂದಳು ಅವಳು ಮುಂದೆ ನೋಡುತ್ತ.

"ಅಣ್ಣ ಅನಬ್ಯಾಡ!"

ಅಷ್ಟು ದೊಡ್ಡ ದನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಹಿಂದೆ ಜಿಂಕೆಗಳು ಹಲಗೆಗೆ ಧಡಧಡ ಒದ್ದವು. ಡ್ರೈವರು ಬೆಚ್ಚಿ ಎಂಜಿನ್ ಆರಿಸಿದ. ಚಂದ್ರಾಮ ಬಾಯಿ ತೆರೆದು ನಿಂತ. ಡಾಕ್ಟರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಹಲಗೆಯ ಸಂದಿಗೆ ಓಡಿದರು. ಒದೆತ ಕಡಿಮೆಯಾಯಿತು, ನಿಂತಿತು. ಡಾಕ್ಟರು ಒಳಗೆ ಇಣುಕಿ, ಎಲ್ಲ ನಿಂತಿವೆ ಎಂದು ಕೈ ಮಾಡಿದರು.

ಗುರುದೇವಿ ಪಿಸುಗುಟ್ಟಿದಳು. "ಮತ್ತ ಮುಂಜಾನಿ ಯಾಕ ಸುಮ್ಮನ ನಿಂತ್ರಿ?"

"ಕೋಡಿಂದು ನೋಡಾಕತ್ತಿತ್ತು."

"ಏನು?"

"ನಿನ್ನ ಹಿಂದ. ಪರದಿ ಸಂದ್ಯಾಗ. ಮಾತಾಡಿದ್ರ ಸಾಯ್ತಿದ್ದುವು."

ಅವಳು ನನ್ನ ಕಡೆ ತಿರುಗಿದಳು. "ಅಂದ್ರ ನೀವು... ಒಂದು ಗೋಣರ ಹಾಕಬಾರದಿತ್ತೇನ್ರಿ?"

"ಹಾಕೂ ಹಂಗಿರಲಿಲ್ಲ. ಈಗ ಹಾಕ್ತೀನಿ."

ಹಾಕಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭುಜ ಕುಲುಕುತ್ತಿತ್ತು, ಸದ್ದಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇದ್ದಿರಬೇಕು. ಆಮೇಲೆ ಗಂಟು ಎತ್ತಿ ಡ್ರೈವರಿನ ಕಡೆಗೆ ಸರಿದು ಕೂತಳು. ಬಾಗಿಲ ಕಡೆ ಒಬ್ಬರು ಕೂರುವಷ್ಟು ಜಾಗವಾಯಿತು.

"ಹತ್ರಿ," ಅಂದಳು.

"ಲೇ ಅಮರಯ್ಯ," ಚಂದ್ರಾಮ ಲಾರಿಯ ಪಕ್ಕ ಓಡಿ ಬಂದು ಗುಟ್ಟಿನ ದನಿಯಲ್ಲಿ ಕೇಳಿದ, "ನಿನ್ನ ಅರಿವಿ, ಹಾಸಿಗಿ?"

"ನೀನ ಹೊದ್ಕೋ," ಅಂದಳು ಗುರುದೇವಿ.

ಮಾದಾಪುರದ ದೀಪಗಳು ಹತ್ತುವ ಹೊತ್ತಿಗೆ ನಾವು ಊರು ದಾಟಿ ಹೋಗಿದ್ದೆವು. ಹೈದರಾಬಾದು ಬಿಟ್ಟವರು ಅವಳು, ನಾನು, ಬೆನ್ನ ಹಿಂದೆ ಸದ್ದಿಲ್ಲದೆ ನಿಂತ ಜಿಂಕೆಗಳು.