ಬೀನ್ಸ್ ಕಳ್ಳ ತೋರಿಸಿದ ಜಾಗ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಮಾರ್ನಿಯ ಸಲಿಕೆ ಮತ್ತೆ ಠಣ್ ಎಂದು ಬಂಡೆಗೆ ಬಡಿಯಿತು.

"ಇಲ್ಲೂ ಬಂಡೆ," ಎಂದು ಅಮ್ಮ ಬೆವರು ಒರೆಸಿಕೊಂಡಳು. ಸೇಬಿನ ಮರಗಳ ಕೆಳಗೆ ಅಜ್ಜಿಗಾಗಿ ತೋಡಿದ ಮೂರನೆಯ ಗುಂಡಿ ಅದು. ಒಂದೂ ಮೊಣಕಾಲಿನ ಆಳ ದಾಟಿರಲಿಲ್ಲ.

ದೂರ ನಿಂತಿದ್ದ ವೆಂಡೆಲ್ ಮಾಮ ವಾಚ್ ನೋಡಿಕೊಂಡ. ಗುರುವಾರ ಅಜ್ಜಿ ತೀರಿಕೊಂಡಾಗ ಅವನು ಬಾಸ್ಟನ್‌ನಿಂದ ಓಡಿ ಬಂದಿದ್ದ.

"ಅಕ್ಕಾ, ಇದು ವರ್ಮಾಂಟ್. ಇಲ್ಲಿ ಕಲ್ಲೇ ಬೆಳೆ. ಮಧ್ಯಾಹ್ನದೊಳಗೆ ಗುಂಡಿ ಆಗ್ಲಿಲ್ಲ ಅಂದ್ರೆ ಫ್ಯೂನರಲ್ ಹೋಮ್‌ಗೆ ಫೋನ್ ಮಾಡ್ತೀನಿ. ಅಮ್ಮನ ಸುತ್ತ ಇಟ್ಟಿರೋ ಐಸೂ ಮುಗೀತಾ ಬಂತು."

"ಅವರು ಬಂದು ಏನ್ ಮಾಡ್ತಾರೆ ಮಾಮ?"

"ಮೈ ಕೆಡದ ಹಾಗೆ ಕೆಮಿಕಲ್ ತುಂಬ್ತಾರೆ. ಮುಖಕ್ಕೆ ಬಣ್ಣ ಹಚ್ಚಿ ಒಳ್ಳೇ ಪೆಟ್ಟಿಗೇಲಿ ಮಲಗಿಸ್ತಾರೆ. ಎಲ್ಲಾರೂ ಮಾಡೋದೇ ಹಾಗೆ."

"ಅಜ್ಜಿ ಲಿಪ್‌ಸ್ಟಿಕ್ಕೂ ಹಚ್ಚಿದವಳಲ್ಲ," ಎಂದಳು ಮಾರ್ನಿ. "ತಾನು ಹೊಲಿದ ಕೌದೀಲಿ ಸುತ್ತಿ, ತನ್ನ ತೋಟದಲ್ಲೇ ಹೂಳಿ ಅಂದಿದ್ಲು. ನೀನೂ ಹೂಂ ಅಂದಿದ್ದೆ."

ಮಾಮ ಮುಖ ತಿರುಗಿಸಿ ಮತ್ತೆ ವಾಚ್ ನೋಡಿಕೊಂಡ.

ಮಾರ್ನಿ ತೋಟವನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು. ತಟ್ಟನೆ ಕಲ್ಲುಗೋಡೆಯ ಕಡೆಗೆ ಓಡಿದಳು. ಅಲ್ಲೊಂದು ದೊಡ್ಡ ಬಿಲ. ವರ್ಷವರ್ಷವೂ ಅಜ್ಜಿಯ ಬೀನ್ಸ್ ಬಳ್ಳಿ ಮೇಯುವ, ಅಳಿಲಿನ ಜಾತಿಯ ವುಡ್‌ಚಕ್‌ನ ಮನೆ ಅದು. ಅಜ್ಜಿ ಆ ದಢೂತಿ ಪ್ರಾಣಿಯನ್ನು ಬೀನ್ಸ್ ಕಳ್ಳ ಎಂದು ಬೈಯುತ್ತ, ಪೊರಕೆ ಹಿಡಿದು ಅಟ್ಟುತ್ತಿದ್ದಳು. ಬಿಲದ ಬಾಯಲ್ಲಿ ಮರಳುಮಣ್ಣಿನ ಗುಡ್ಡೆ ಬಿದ್ದಿತ್ತು. ಅದರಲ್ಲಿ ಒಂದೂ ಕಲ್ಲಿರಲಿಲ್ಲ.

"ಅಮ್ಮಾ, ಬಾ ಬೇಗ. ಬಂಡೆ ಇದ್ದಿದ್ರೆ ಬೀನ್ಸ್ ಕಳ್ಳ ಇಷ್ಟು ಆಳ ತೋಡೋಕಾಗ್ತಿತ್ತಾ?"

ಕುಡಿಯುವ ನೀರು ಕೆಡುತ್ತದೆಂದು ಬಾವಿಯ ಹತ್ತಿರ ಹೂಳುವಂತಿಲ್ಲ. ಅಮ್ಮ ತಿರುಗಿ ನೋಡಿದಳು. ಬಾವಿ ಇಳಿಜಾರಿನ ಆಚೆ, ಸಾಕಷ್ಟು ದೂರದಲ್ಲಿತ್ತು. ಗುರುವಾರದ ನಂತರ ಮೊದಲ ಸಲ ಅಮ್ಮ ನಕ್ಕಳು. "ಇವನ ಪಕ್ಕದ ಮನೆ ಅಂತ ಗೊತ್ತಾದ್ರೆ ಅಜ್ಜಿ ಎದ್ದು ಬಂದು ಬೈತಾಳೆ ಕಣೇ."

ಬಿಲದಿಂದ ಸ್ವಲ್ಪ ಈಚೆಗೆ ಅಗೆದರು. ಸಲಿಕೆ ಸರಕ್ಕನೆ ಇಳಿಯಿತು. ಮೊಣಕಾಲು, ಸೊಂಟ, ಎದೆ. ಹನ್ನೊಂದೂವರೆಗೆ ಗುಂಡಿಯೊಳಗೆ ನಿಂತ ಮಾರ್ನಿಯ ತಲೆ ಮಾತ್ರ ಹೊರಗೆ ಕಾಣುತ್ತಿತ್ತು.

"ಆಯ್ತು ಮಾಮ, ಆಯ್ತು," ಎಂದು ಅವಳು ಕೂಗಿದಳು.

ಪಕ್ಕದ ತೋಟದವರು ಅಜ್ಜಿಯನ್ನು ಹಲಗೆಯ ಮೇಲೆ ಹೊತ್ತು ತಂದರು. "ಒಬ್ಬರು ಕೆಳಗಿಳಿದು ತಲೆ ಹಿಡ್ಕೋಬೇಕು," ಎಂದಳು ಅಮ್ಮ.

ಮಾಮ ಶೂ ಬಿಚ್ಚಿ ಗುಂಡಿಗೆ ಇಳಿದ. ಕೌದಿ ಸುತ್ತಿದ್ದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮಣ್ಣಿನ ಮೇಲಿಟ್ಟ.

"ಅಮ್ಮ ಇಷ್ಟು ಹಗುರ ಇದ್ಲಾ?" ಎಂದ.

ಬಂದಾಗಿನಿಂದ ಮಾಮ ಒಂದು ಸಲವೂ ಅಜ್ಜಿಯನ್ನು ಮಲಗಿಸಿದ್ದ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಮಾರ್ನಿಗೆ ಅದು ಈಗ ಹೊಳೆಯಿತು. ಅವನನ್ನು ಮೇಲೆಳೆಯಲು ಅವಳು ಕೈ ಚಾಚಿದಳು.

ಗುಂಡಿಯ ಮುಕ್ಕಾಲು ಪಾಲು ಮುಚ್ಚಿದ್ದು ಮಾಮನೇ. ಸೋಮವಾರದವರೆಗೂ ಅವನು ಬಾಸ್ಟನ್‌ಗೆ ಹೊರಡಲಿಲ್ಲ.